ಬಾಯಲ್ಲಿ ಮಾಡಿ ತೋರಿಸಿ

“ಚಿರ್ರ್ರ್... ಚಿಕ್! ಚಿರ್ರ್ರ್... ಚಿಕ್!” ಎಂದು ನಿವೃತ್ತ ಗಣಿತದ ಮೇಷ್ಟ್ರು ಹೆಣದ ಪಕ್ಕದಲ್ಲೇ ನಿಂತು, ತುಟಿ ಮುಂದೆ ಮಾಡಿ ಶಬ್ದ ಹೊರಡಿಸುತ್ತಿದ್ದರು. ತಂದಿದ್ದ ಹೂವು ಇನ್ನೂ ಅವರ ಕೈಯಲ್ಲೇ ಇತ್ತು.

“ನಂಬ್ತೀರೇನ್ರೀ? ಗ್ಯಾರೇಜ್ ತುಂಬ ಜನ. ನನ್ನ ಕಾರಿನ ಈ ಶಬ್ದಾನ ಅಷ್ಟೂ ಜನರ ಮುಂದೆ ನನ್ನ ಬಾಯಲ್ಲಿ ಮೂರು ಸಲ ಮಾಡಿಸಿದ್ರು ಈ ಮೇಸ್ತ್ರಿ. ನನ್ನ ಕೈಲಿ ಏಟು ತಿಂದ ಹಳೇ ಸ್ಟೂಡೆಂಟ್ ಒಬ್ಬ ಅಲ್ಲೇ ನಿಂತು ಹಲ್ಲು ಕಿಸೀತಿದ್ದ. ಆದ್ರೆ ನೋಡಿ, ಬಾನೆಟ್ ತೆಗೆಯೋಕೆ ಮುಂಚೆಯೇ ಹೇಳಿಬಿಟ್ರು. ಬೆಲ್ಟ್ ಸವೆದಿಲ್ಲ ಮೇಷ್ಟ್ರೇ, ಅದು ಸುತ್ತೋ ಪುಲ್ಲಿ ಓರೆಯಾಗಿದೆ ಅಂತ. ಅಳತೆ ಹಿಡಿದು ನೋಡಿದ್ರೆ ಕೂದಲೆಳೆಯಷ್ಟು ಓರೆ!”

“ನಿಮ್ಮದು ಪರವಾಗಿಲ್ಲ ಬಿಡಿ ಸಾರ್” ಎಂದಳು ಔಷಧಿ ಅಂಗಡಿಯವಳು. “ನಂದು ಕಪ್ಪೆ ಥರ. ಗೊರ್ಕ್ ಗೊರ್ಕ್. ಮದುವೆಯಾಗಿ ಹದಿನೈದು ದಿನ ಆಗಿತ್ತು, ಪಕ್ಕದಲ್ಲಿ ಯಜಮಾನ್ರು. ಮಾಡಮ್ಮ, ನಾಚ್ಕೋಬೇಡ, ಎಂಜಿನ್ ನಾಚ್ಕೊಳ್ಳಲ್ಲ ಅಂದ್ರು ಮೇಸ್ತ್ರಿ.”

ಯಾರೋ ಕಿಸಕ್ಕೆಂದರು. ನಕ್ಕವರು ಸತ್ತವನ ಹೆಂಡತಿಯನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದರು.

“ನಗ್ರೀ, ನಗ್ರೀ” ಎಂದಳು ಆಕೆ. “ಅವರೇನೂ ಎದ್ದು ಬಂದು ಬೈಯಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಮಗಳು ಮತ್ತೊಮ್ಮೆ ಗಡಿಯಾರ ನೋಡಿದಳು. ಹತ್ತೂ ಕಾಲು. ವಿದ್ಯುತ್ ಚಿತಾಗಾರದವರು ಹನ್ನೊಂದೂವರೆಯ ಸಮಯ ಕೊಟ್ಟಿದ್ದರು. ಹನ್ನೆರಡಕ್ಕೆ ಒಲೆಯನ್ನು ರಿಪೇರಿಗೆ ನಿಲ್ಲಿಸುತ್ತಾರೆ. ಮತ್ತೆ ಹೊತ್ತಿಸುವುದು ಮೂರನೆಯ ದಿನ. ಅಲ್ಲಿಯ ಗುಮಾಸ್ತ ಫೋನಿನಲ್ಲಿ ಅದನ್ನು ಎರಡು ಸಲ ಹೇಳಿದ್ದ. “ನಿಮಿಷ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ಬೇಡಿ.”

ಶವವಾಹನ ಇನ್ನೂ ಬಂದಿರಲಿಲ್ಲ.

ತಟ್ಟೆ ಹಿಡಿದು ಅವಳು ವರಾಂಡಕ್ಕೆ ಬಂದಳು. ಅಲ್ಲಿ ಒಂಬತ್ತು ಟ್ಯಾಕ್ಸಿಗಳ ಸಾಹುಕಾರ ಕಂಬಕ್ಕೊರಗಿ ನಿಂತಿದ್ದ. ಅವನೆದುರು ಊರಿನ ನಾಲ್ಕು ಹಳೇ ಮೆಕ್ಯಾನಿಕ್ಕುಗಳು ಇದ್ದರು. ಎಲ್ಲರಿಗಿಂತ ಹಿರಿಯನಿಗೆ ಡೀಸೆಲ್ ಎಂದೇ ಹೆಸರು. ಅವಳು ಚಿಕ್ಕಂದಿನಿಂದ ಡೀಸೆಲ್ ಮಾವ ಎನ್ನುತ್ತಿದ್ದಳು. ಪಕ್ಕದಲ್ಲಿ ದಪ್ಪಗೆ ಸದಾ ಬೆವರುವವನು ರೇಡಿಯೇಟರ್.

“ಇವಳ ಮುಂದೇನೇ ಹೇಳ್ತೀನಿ, ಬೆನ್ನ ಹಿಂದೆ ಬೇಡ” ಎಂದ ಸಾಹುಕಾರ, ಲೋಟ ತೆಗೆದುಕೊಳ್ಳುತ್ತ. “ನೋಡಮ್ಮ, ನಾನು ನಿಮ್ಮಪ್ಪನ ಹತ್ರ ಬರ್ತಿದ್ದಿದ್ದು ಆ ಕಿವಿಗೋಸ್ಕರ. ಪಾರ್ಟ್ಸ್ ಯಾರು ಬೇಕಾದ್ರೂ ಹಾಕ್ತಾರೆ. ಯಾವ ಪಾರ್ಟ್ ಅಂತ ಹೇಳೋನು ಅವನೊಬ್ಬ. ಆ ಕಿವಿ ಇವತ್ತು ಹೋಗುತ್ತೆ. ನಾಳೆಯಿಂದ ಗಾಡಿಗಳು ಡೀಸೆಲ್ ಹತ್ರ ಹೋಗ್ತವೆ. ತಪ್ಪು ತಿಳ್ಕೋಬೇಡ.”

“ಇವತ್ತೇ ಹೇಳ್ಬೇಕಿತ್ತಾ?” ಎಂದ ಡೀಸೆಲ್ ಮಾವ. ಆದರೆ ಬೇಡ ಎನ್ನಲಿಲ್ಲ.

ಆ ಒಂಬತ್ತು ಗಾಡಿಗಳಿಲ್ಲದಿದ್ದರೆ ಗ್ಯಾರೇಜು ಮೂರು ತಿಂಗಳು ನಿಲ್ಲುವುದಿಲ್ಲ. ಅದು ಅವಳಿಗೂ ಗೊತ್ತು, ಸಾಹುಕಾರನಿಗೂ ಗೊತ್ತು. ಹನ್ನೊಂದು ವರ್ಷ ಅದೇ ಗ್ಯಾರೇಜಿನಲ್ಲಿ ಉಗುರಿನ ಸಂದಿಗೆ ಗ್ರೀಸು ತುಂಬಿಕೊಂಡವಳು ಅವಳು. ಇನ್ನೆಲ್ಲಾದರೂ ಕೂತು ಬೇರೆ ಕೆಲಸ ಮಾಡುವ ಚಿತ್ರವೇ ಅವಳ ಕಣ್ಣಿಗೆ ಬರುತ್ತಿರಲಿಲ್ಲ. ‘ಆ ಕಿವಿ ಅಪ್ಪಂದಲ್ಲ, ನಂದು’ ಎಂಬ ಮಾತು ಗಂಟಲವರೆಗೆ ಬಂತು. ಒಳಗೆ ಮೇಷ್ಟ್ರು ಹೊಸದಾಗಿ ಬಂದವರಿಗೆ ಮತ್ತೆ ‘ಚಿರ್ರ್ರ್ ಚಿಕ್’ ಮಾಡಿ ತೋರಿಸುತ್ತಿದ್ದರು. ಹೆಣ ಇನ್ನೂ ಮನೆಯಲ್ಲಿದೆ. ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡಳು.

*

ಎಂಟು ವರ್ಷದ ಹಿಂದೆ ಬೇಕರಿಯವನ ವ್ಯಾನು ಬಂದಿತ್ತು. ಎಂಜಿನ್ನು ಚಾಲೂ ಮಾಡಿದರೆ ಸೂಜಿಯಲ್ಲಿ ಗಾಜು ಕೆರೆದ ಹಾಗೆ ಕೀರಲು ದನಿ. ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಎರಡು ನಿಮಿಷ ನಿಂತ. “ಏನೂ ಇಲ್ಲ, ತಗೊಂಡು ಹೋಗು. ರೊಟ್ಟಿ ಆರುತ್ತೆ” ಎಂದ. ಗಾಡಿಯಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತಿದ್ದ ಮಗಳಿಗೆ ಅಚ್ಚರಿಯಾಯಿತು. ಆದರೆ ಊರೇ ಕಿವಿ ಮೇಸ್ತ್ರಿ ಎನ್ನುವವನ ಮಾತಿಗೆ ಎದುರಾಡುವುದುಂಟೆ?

ಮಧ್ಯಾಹ್ನ ಇಳಿಜಾರಿನಲ್ಲಿ ಬೆಲ್ಟು ಹರಿಯಿತು. ಆ ಬೆಲ್ಟಿನಿಂದಲೇ ಹಗುರಾಗಿ ತಿರುಗುತ್ತಿದ್ದ ಸ್ಟಿಯರಿಂಗು ಕಲ್ಲಿನಂತೆ ಬಿಗಿಯಾಯಿತು. ಬೇಕರಿಯವನು ವ್ಯಾನನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ನುಗ್ಗಿಸಿ ಜೀವ ಉಳಿಸಿಕೊಂಡ. ಅವನು ಬೈಯಲಿಲ್ಲ. “ನಿಮಗೂ ತಪ್ಪುತ್ತಾ ಮೇಸ್ತ್ರಿ?” ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಅಪ್ಪ ಇನ್ನೊಂದು ಹಳೇ ಕಾರನ್ನು ಚಾಲೂ ಮಾಡಿ ಅವಳನ್ನು ಕರೆದ.

“ಏನಾದ್ರೂ ಕೇಳಿಸುತ್ತಾ?”

“ಏನಾದ್ರೂ ಏನು, ಕಿವಿಗೆ ರಾಚ್ತಾ ಇದೆಯಲ್ಲಪ್ಪ!”

ಅಪ್ಪ ಅವಳನ್ನೇ ನೋಡಿದ. “ಹ್ಞೂಂ. ಗೊತ್ತು. ನಿನ್ನ ಪರೀಕ್ಷೆ ಮಾಡ್ದೆ.”

ಅಪ್ಪನಿಗೆ ಎಂಜಿನ್ನಿನ ಕುಟ್ಟಾಟ ಕೇಳುತ್ತಿತ್ತು, ಗೇರಿನ ಗೊಣಗಾಟ ಕೇಳುತ್ತಿತ್ತು. ತೆಳ್ಳಗಿನ ದನಿಗಳು ಮಾತ್ರ ಹೋಗಿದ್ದವು. ನಲವತ್ತು ವರ್ಷ ಸುತ್ತಿಗೆ, ಗ್ರೈಂಡರುಗಳ ನಡುವೆ ನಿಂತ ಕಿವಿಯನ್ನು ಮೊದಲು ಬಿಟ್ಟುಹೋಗುವುದು ಅವೇ. ಬೆಲ್ಟು ಕೂಗುವುದೂ, ಪುಲ್ಲಿ ಕೀರುವುದೂ ಆ ತೆಳ್ಳಗಿನ ದನಿಯಲ್ಲೇ.

ಆ ವಾರವೇ ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರಹ ಬಂತು: ‘ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿ.’ ಜನ ಮೊದಲು ತಮಾಷೆ ಅಂದುಕೊಂಡರು, ಆಮೇಲೆ ಪ್ರತಿಭೆ ಅಂದುಕೊಂಡರು. ವಕೀಲರು ಕೀಚಲು ಕೂಗಿದರು, ದಂತವೈದ್ಯರು ಗುಂಯ್‌ಗುಟ್ಟಿದರು. ಮನುಷ್ಯರ ಗಂಟಲಿನಿಂದ ಹೊರಟಾಗ ಅದೇ ಶಬ್ದ ಅಪ್ಪನ ಕಿವಿಗೆ ನಿಲುಕುವಷ್ಟು ದಪ್ಪಗಾಗುತ್ತಿತ್ತು. ಅಷ್ಟಕ್ಕೂ ಸಂಶಯ ಉಳಿದರೆ ಮಗಳಿದ್ದಳು. ಅವಳು ಸುಮ್ಮನೆ ಎಂಜಿನ್ನು ಒರೆಸುವವಳಂತೆ ಬಂದು, ಕೈಯಲ್ಲಿದ್ದ ಬಟ್ಟೆಯನ್ನು ಯಾವ ಭಾಗದ ಹತ್ತಿರ ಬಿಟ್ಟು ಹೋಗುತ್ತಾಳೋ ಅದೇ ಕಳ್ಳ. ಅಪ್ಪ ಉದ್ದನೆಯ ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಾಟಕ ಮಾಡಿ ಅದನ್ನೇ ಹೇಳುತ್ತಿದ್ದ.

ಎಂಟು ವರ್ಷ ಅವರಿಬ್ಬರೂ ಈ ವಿಷಯ ಮಾತಾಡಲಿಲ್ಲ.

*

ಶವವಾಹನ ಹತ್ತೂ ನಲವತ್ತಕ್ಕೆ ಬಂತು. ಬೀದಿಯ ತಿರುವಿನಲ್ಲೇ ಅದರ ದನಿ ಮಗಳ ಕಿವಿಗೆ ಬಿತ್ತು. ಕುಂಯ್ಯ್ಯ್. ಅವಳ ಮೈಯೆಲ್ಲ ಚುರುಕಾಯಿತು. ಡ್ರೈವರು ಇಳಿಯುತ್ತಲೇ, “ಸಾರಿ ಅಕ್ಕ, ಮೂರು ದಿನದಿಂದ ಹೀಗೇ ಅಳ್ತಾ ಇದೆ. ಹೆಣದ ಕಡೆಯವರಿಗಿಂತ ನನ್ನ ಗಾಡೀನೇ ಜಾಸ್ತಿ ಅಳುತ್ತೆ” ಎಂದ.

ಹೆಣವಿದ್ದ ಪೆಟ್ಟಿಗೆ ಗಾಡಿಗೇರಿತು. ಸಾಹುಕಾರ ಡ್ರೈವರನ ಪಕ್ಕ, ತಾಯಿ ಮಗಳು ಹಿಂದೆ ಪೆಟ್ಟಿಗೆಯ ಬದಿಯಲ್ಲಿ ಕೂತರು. ನಾಲ್ವರು ಮೆಕ್ಯಾನಿಕ್ಕುಗಳು ಸಾಹುಕಾರನ ಟ್ಯಾಕ್ಸಿಯಲ್ಲಿ ಹಿಂದೆಯೇ ಹೊರಟರು.

ಪೆಟ್ಟಿಗೆ ಅಲುಗದಂತೆ ಮಗಳು ಕೈಯಿಟ್ಟಿದ್ದಳು. ಮನಸ್ಸು ಮಾತ್ರ ಬಾನೆಟ್ಟಿನೊಳಗೆ. ಗಾಡಿ ವೇಗ ಹೆಚ್ಚಿಸಿದರೆ ದನಿಯೂ ಏರುತ್ತದೆ, ಹಾಗಾದರೆ ತಿರುಗುವ ಯಾವುದೋ ಒಂದು. ಬ್ರೇಕಿನದಲ್ಲ. ಬರೀ ಬೆಲ್ಟು ಜಾರಿದರೆ ಇಷ್ಟು ಎಡೆಬಿಡದೆ ಕೂಗುವುದಿಲ್ಲ, ಇದರ ಅಡಿಯಲ್ಲಿ ಇನ್ನೇನೋ ಅರೆಯುತ್ತಿದೆ. ಅಪ್ಪನ ಹೆಣದ ಮೇಲೆ ಕೈಯಿಟ್ಟುಕೊಂಡು ಹಿಗ್ಗುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಹಿಗ್ಗು ನಿಲ್ಲಲಿಲ್ಲ.

ಸೇತುವೆ ದಾಟುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು. ಬಾನೆಟ್ಟಿನ ಅಂಚಿನಿಂದ ಹೊಗೆ ಎದ್ದಿತು. ಡ್ರೈವರು ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದ. ಗಂಟೆ ಹತ್ತು ಐವತ್ತೆಂಟು. ಇನ್ನೂ ಆರು ಕಿಲೋಮೀಟರು.

“ಇನ್ನೊಂದು ಗಾಡಿ ಕಳಿಸಲಿಕ್ಕೆ ಆಫೀಸಿಗೆ ಹೇಳ್ತೀನಿ” ಎಂದು ಫೋನು ಕಿವಿಗಿಟ್ಟ ಡ್ರೈವರನ ಮುಖ ಸಪ್ಪಗಾಯಿತು. “ಒಂದು ಗಂಟೆ ಆಗುತ್ತಂತೆ.”

ಪೆಟ್ಟಿಗೆ ಯಾವ ಕಾರಿನಲ್ಲೂ ಹಿಡಿಯುವಂಥದಲ್ಲ. ಸಾಹುಕಾರ ತಲೆ ಚಚ್ಚಿಕೊಂಡ. ಆದರೆ ಹಿಂದಿನ ಟ್ಯಾಕ್ಸಿಯ ನಾಲ್ಕೂ ಬಾಗಿಲು ಒಟ್ಟಿಗೆ ತೆರೆದುಕೊಂಡವು. ನಾಲ್ವರು ಮುದುಕರು ಅಂಗಿಯ ತೋಳು ಮಡಿಸುತ್ತ ಓಡಿಬಂದರು. ಒಟ್ಟು ಸೇರಿಸಿದರೆ ನೂರೆಪ್ಪತ್ತು ವರ್ಷದ ಅನುಭವ. ಬೆಳಗಿನಿಂದ ಜೋಲುಮುಖ ಹಾಕಿಕೊಂಡು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದವರಿಗೆ ಈಗ ಜೀವ ಬಂದಿತ್ತು.

“ಚಾಲೂ ಮಾಡೋ!”

ಕುಂಯ್ಯ್ಯ್.

“ಡೈನಮೋ ಬೇರಿಂಗ್. ಕಣ್ಣು ಮುಚ್ಚಿ ಹೇಳ್ತೀನಿ” ಎಂದ ಡೀಸೆಲ್ ಮಾವ.

“ನೀನು ಕಣ್ಣು ಮುಚ್ಚಿದ್ರೆ ನಿದ್ದೆ ಮಾಡ್ತೀಯ, ಅಷ್ಟೇ. ವಾಟರ್ ಪಂಪು” ಎಂದ ರೇಡಿಯೇಟರ್.

“ನಿಂಗೆ ಎಲ್ಲಿ ನೋಡಿದ್ರೂ ನೀರೇ ಕಾಣೋದು. ಬೆವರು ಒರೆಸ್ಕೋ ಮೊದ್ಲು.”

ಉಳಿದಿಬ್ಬರೂ ಆಳಿಗೊಂದು ಜಾಗ ತೋರಿಸಿದರು. ಡೈನಮೋ ಬಿಚ್ಚಬೇಕೆಂದರೆ ಮುಕ್ಕಾಲು ಗಂಟೆ. ಡೀಸೆಲ್ ಮಾವ ಆಗಲೇ ಸ್ಪ್ಯಾನರ್ ಕೇಳುತ್ತಿದ್ದ.

ಮಗಳು ಕೆಳಗಿಳಿದು ಬಂದಳು. “ಒಂದು ನಿಮಿಷ, ಮಾವ.” ಬಾಟಲಿಯಿಂದ ಎರಡು ಗುಟುಕು ನೀರನ್ನು ತಿರುಗುವ ಎರಡೂ ಬೆಲ್ಟುಗಳ ಮೇಲೆ ಚಿಮುಕಿಸಿದಳು. ಬೆಲ್ಟಿನ ಕೂಗಾಗಿದ್ದರೆ ನೀರು ಬಿದ್ದಾಗ ಬದಲಾಗಬೇಕು. ಆಗಲಿಲ್ಲ. ಎಂದರೆ ಬೆಲ್ಟಲ್ಲ, ಅದು ಸುತ್ತಿಕೊಂಡಿರುವ ಯಾವುದೋ ಚಕ್ರದ ಬೇರಿಂಗು. ಯಾವುದು?

ಆಗ ಕೂಗು ತಾನಾಗಿಯೇ ನಿಂತಿತು. ಸಾಯುತ್ತಿರುವ ಬೇರಿಂಗು ಹಾಗೆ ಮಾಡುವುದುಂಟು. ನಾಲ್ಕು ಸೆಕೆಂಡು ಸುಮ್ಮನಾಗಿ ಮತ್ತೆ ಶುರುಮಾಡುತ್ತದೆ. ಎಂಜಿನ್ನಿನ ಮಂದ ಗುರುಗುರು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ, ಇಳಿದು ಬಂದು ಪಕ್ಕದಲ್ಲಿ ನಿಂತಿದ್ದ ಡ್ರೈವರು ಕಣ್ಣಿಗೆ ಬಿಸಿಲು ಹೊಡೆದು ಮುಖ ಕಿವುಚಿದ.

“ಕೇಳಿದ್ರಾ? ಕೇಳಿದ್ರಾ? ಈಗ ಜೋರಾಯ್ತು ನೋಡಿ!” ಎಂದ ಡೀಸೆಲ್ ಮಾವ.

“ಜೋರಾಯ್ತು” ಎಂದ ರೇಡಿಯೇಟರ್. ಉಳಿದಿಬ್ಬರೂ ತಲೆಯಾಡಿಸಿದರು.

ಮಗಳು ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿದಳು. ಒಬ್ಬನೂ ಎಂಜಿನ್ನು ನೋಡುತ್ತಿರಲಿಲ್ಲ. ಎಂಟು ಕಣ್ಣೂ ಡ್ರೈವರನ ಮುಖದ ಮೇಲೆ ನೆಟ್ಟಿದ್ದವು. ಅವನು ಮುಖ ಕಿವುಚಿದರೆ ಶಬ್ದ ಇದೆ, ಸಡಿಲಿಸಿದರೆ ಇಲ್ಲ.

ಅಪ್ಪನೊಬ್ಬನೇ ಅಲ್ಲ! ಕಸುಬಿಗೆ ಕಸುಬೇ ಕಿವುಡಾಗಿ ಕೂತಿದೆ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ಕುಂಯ್ಯ್ಯ್ ಮತ್ತೆ ಶುರುವಾಯಿತು. ಅವಳು ಡ್ರೈವರನ ಸಲಕರಣೆಯ ಡಬ್ಬಿಯಿಂದ ಉದ್ದನೆಯ ಸ್ಕ್ರೂಡ್ರೈವರ್ ಎಳೆದುಕೊಂಡಳು. ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತುದಿಯನ್ನು ಡೈನಮೋದ ಬೋಲ್ಟಿಗೆ ಮುಟ್ಟಿಸಿದಳು. ಜೇನುಗೂಡಿನ ಗುಂಯ್, ಆರೋಗ್ಯವಾಗಿದೆ. ವಾಟರ್ ಪಂಪು. ನೀರು ಮಗುಚುವ ಸದ್ದು, ಅದೂ ಸರಿ. ಮುಂದಿನ ಬೆಲ್ಟನ್ನು ಬಿಗಿಹಿಡಿಯುವ ಸಣ್ಣ ಪುಲ್ಲಿ. ಗರಗರಗರ! ಹಲ್ಲಿನ ನಡುವೆ ಮರಳು ಸಿಕ್ಕ ಹಾಗೆ. ಅವಳಿಗೆ ಕುಣಿಯಬೇಕೆನಿಸಿತು.

“ಈ ಸಣ್ಣ ಪುಲ್ಲಿ. ಮುಂದಿನ ಬೆಲ್ಟ್ ಬರೀ ಎಸಿಗೆ, ಎಂಜಿನ್ನಿಗೆ ಬೇಕಾಗಿರೋದೆಲ್ಲ ಹಿಂದಿನ ಬೆಲ್ಟಿನಲ್ಲಿದೆ. ಮುಂದಿನದನ್ನ ಕತ್ತರಿಸಿ ಬಿಸಾಕಿದ್ರೆ ಐದು ನಿಮಿಷದಲ್ಲಿ ಹೊರಡಬಹುದು.”

“ಎಸಿ ಇಲ್ದೇನೇ?” ಎಂದ ಡ್ರೈವರು. “ಹಿಂದುಗಡೆ ಅವರು...”

“ಅವರಿಗೆ ಇನ್ನು ಸೆಕೆ ಆಗಲ್ಲ.”

“ತಡೀರಿ” ಎಂದ ಸಾಹುಕಾರ. “ನಾಲ್ಕು ಜನ ಹಿರಿಯರಿದ್ದಾರೆ. ಅವರ್ಯಾರೂ ಆ ಪುಲ್ಲಿಯ ಹೆಸರೇ ಎತ್ತಲಿಲ್ಲ. ನೀನು ಕತ್ತರಿಸಿ ಅದು ಸುಳ್ಳಾದ್ರೆ, ಡೈನಮೋ ಬಿಚ್ಚೋಕೂ ಟೈಮ್ ಇರಲ್ಲ. ಇಷ್ಟು ಜನರಿಗೆ ಕೇಳಿಸದೆ ಇರೋದು ನಿನಗೊಬ್ಬಳಿಗೆ ಹೇಗೆ ಕೇಳಿಸ್ತು?”

ಒಂದೇ ವಾಕ್ಯ ಸಾಕಿತ್ತು. ‘ಅವರಿಗೆ ಕೇಳಿಸಲ್ಲ ಸಾಹುಕಾರ್ರೇ, ನಮ್ಮಪ್ಪನಿಗೂ ಕೇಳಿಸ್ತಿರಲಿಲ್ಲ.’ ಒಂಬತ್ತು ಗಾಡಿಗಳೂ ನಾಳೆ ಬೆಳಿಗ್ಗೆಯೇ ಅವಳ ಬಾಗಿಲಲ್ಲಿರುತ್ತಿದ್ದವು.

ಅವಳು ಡೀಸೆಲ್ ಮಾವನ ಕಡೆ ತಿರುಗಿದಳು. ಮುದುಕ ಅವಳನ್ನೇ ನೋಡುತ್ತಿದ್ದ. ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಗಿತ್ತು.

“ಮಾವ, ನಾನು ಹೇಳೋದು ಬೇಡ. ನೀವೇ ನೋಡಿ.” ಅವಳು ಸ್ಕ್ರೂಡ್ರೈವರನ್ನು ಅವನಿಗೆ ಕೊಟ್ಟು, ತುದಿಯನ್ನು ಪುಲ್ಲಿಯ ಬೋಲ್ಟಿಗೆ ತಾನೇ ಮುಟ್ಟಿಸಿ ಹಿಡಿದಳು. “ಕಿವಿಗೆ ಬೇಡ, ಈ ಟ್ರಾಫಿಕ್ಕಿನಲ್ಲಿ ಸರಿಯಾಗಿ ಗೊತ್ತಾಗಲ್ಲ. ಬೆರಳಲ್ಲಿ ಹಿಡಿದು ನೋಡಿ.”

ಮುದುಕನ ಬೆರಳುಗಳು ಹಿಡಿಯನ್ನು ಸುತ್ತಿದವು. ಅವನ ಮುಖ ನಿಧಾನವಾಗಿ ಅರಳಿತು. ಡೈನಮೋಗೆ ಮುಟ್ಟಿಸಿ ನೋಡಿದ, ಮತ್ತೆ ಪುಲ್ಲಿಗೆ ಬಂದ.

“ಲೇ ದಪ್ಪ, ಹಿಡಿದು ನೋಡೋ! ಅರೀತಾ ಇದೆ. ಹಿಟ್ಟಿನ ಗಿರಣಿ ಅರೆದ ಹಾಗೆ ಅರೀತಾ ಇದೆ!” ನಾಲ್ವರೂ ಸ್ಕ್ರೂಡ್ರೈವರಿಗಾಗಿ ಕಿತ್ತಾಡಿದರು. “ಹುಡುಗಿ ಹೇಳಿದ್ದೇ ಸರಿ ಸಾಹುಕಾರ್ರೇ. ನನ್ನದೇ ತಪ್ಪು. ಎಂಜಿನ್ ಆಫ್ ಮಾಡೋ, ಚಾಕು ಕೊಡು!”

ಬೆಲ್ಟು ಬಿಗಿಯಾಗಿತ್ತು. ಎರಡು ಕೈ ಹಿಡಿದವು, ಎರಡು ಕೈ ಕೊಯ್ದವು, ರೇಡಿಯೇಟರಿನ ಬೆವರು ಎಲ್ಲರ ಮೇಲೂ ಹನಿಯಿತು. ಸುಟ್ಟ ಬೆಲ್ಟು ಪಟ್ಟೆಂದು ಬಿಟ್ಟುಕೊಂಡು ರಸ್ತೆಗೆ ಬಿತ್ತು. ಡ್ರೈವರು ಕೀಲಿ ತಿರುಗಿಸಿದ.

ಎಂಜಿನ್ನು ಎದ್ದಿತು. ಕುಂಯ್ ಇಲ್ಲ. ನಾಲ್ವರೂ ಉಸಿರು ಬಿಗಿಹಿಡಿದು ಅವಳ ಮುಖ ನೋಡಿದರು. ಅವಳು ನಕ್ಕಳು.

“ಹೋಯ್ತು!” ಎಂದು ನಾಲ್ವರೂ ಒಟ್ಟಿಗೆ ಕೂಗಿದರು. ಡೀಸೆಲ್ ಮಾವ ಬಾನೆಟ್ಟನ್ನು ಧಡಾರೆಂದು ಮುಚ್ಚಿದ. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನವರು ಶವವಾಹನದ ಮುಂದೆ ಕುಣಿಯುತ್ತಿರುವ ಮುದುಕರನ್ನು ಬಗ್ಗಿ ಬಗ್ಗಿ ನೋಡಿದರು.

ಸಾಹುಕಾರ ಮುಂದಿನ ಸೀಟಿಗೆ ಹತ್ತುವ ಮುನ್ನ ಅವಳ ಹತ್ತಿರ ನಿಂತ. “ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ.”

“ಅಪ್ಪ ಕಲಿಸಿದ್ದು.”

“ಹೂಂ.” ಅವನು ಗಲ್ಲ ಕೆರೆದುಕೊಂಡ. “ಎರಡು ಗಾಡಿ ಕಳಿಸಿ ನೋಡ್ತೀನಿ. ಒಂಬತ್ತೂ ಅಲ್ಲ, ಈಗ್ಲೇ ಹೇಳ್ಬಿಡ್ತೀನಿ. ಎರಡು.”

“ಎರಡೇ ಕಳಿಸಿ. ಬಾಕಿ ಏಳು ತಾವೇ ಬರ್ತವೆ.”

“ಬಾಯಿ ಮಾತ್ರ ಅಪ್ಪಂದಲ್ಲ” ಎಂದು ಗೊಣಗುತ್ತ ಅವನು ಹತ್ತಿದ.

ಗಾಡಿ ಓಡಿತು. ಸಿಗ್ನಲ್ಲುಗಳು ಒಂದರ ಹಿಂದೊಂದು ಹಸಿರಾಗುತ್ತಿದ್ದವು. ಪೆಟ್ಟಿಗೆಯ ಆಚೆ ಬದಿಯಿಂದ ಅಮ್ಮ ಮೆಲ್ಲಗೆ ಕೇಳಿದಳು. “ನಿಮ್ಮಪ್ಪಂಗೂ ಕೇಳಿಸ್ತಿರಲಿಲ್ಲ, ಅಲ್ವೇನೇ?”

ಮಗಳು ಬೆಚ್ಚಿದಳು. “ಯಾರು ಹೇಳಿದ್ದು ನಿಂಗೆ?”

“ಕುಕ್ಕರು. ಹತ್ತು ಸಲ ಕೂಗಿದ್ರೂ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು. ಎದ್ದು ಒಲೆ ಆರಿಸೋಕೂ ಸೋಮಾರಿತನ ಅಂತ ಬೈದೆ. ಎಷ್ಟು ವರ್ಷ ಬೈದೆ ನಾನು!” ಅವಳು ಪೆಟ್ಟಿಗೆಯ ಮೇಲೆ ಅಂಗೈಯಿಂದ ಎರಡು ಸಲ ಬಡಿದಳು, ಹೊಡೆದಂತೆಯೂ ಅಲ್ಲ, ಸವರಿದಂತೆಯೂ ಅಲ್ಲ. “ಬೈಸ್ಕೊಂಡು ಸುಮ್ನಿದ್ರಲ್ಲ, ಹೇಳಬಾರದಿತ್ತಾ?”

“ನಿನ್ನ ಬೈಗುಳಾನೂ ತೆಳ್ಳಗಿನ ದನೀಲೇ ಇರ್ತಿತ್ತಲ್ಲಮ್ಮ. ಕೇಳಿಸಿರಲ್ಲ ಬಿಡು.”

ಅಮ್ಮನಿಗೆ ನಗು ಬಂತು. ನಗುತ್ತಲೇ ಅವಳು ಆ ದಿನ ಮೊದಲ ಸಲ ಅತ್ತಳು.

*

ಚಿತಾಗಾರ ತಲುಪಿದಾಗ ಹನ್ನೊಂದೂ ಇಪ್ಪತ್ತೇಳು. ಗುಮಾಸ್ತ ಗಡಿಯಾರ ನೋಡಿ, ಸಹಿ ಹಾಕಿಸಿಕೊಂಡ. ಉದ್ದನೆಯ ಹಜಾರ, ಬಿಳಿ ಟೈಲ್ಸಿನ ಗೋಡೆ, ಕೊನೆಯಲ್ಲಿ ಉಕ್ಕಿನ ಬಾಗಿಲು. ಬಾಗಿಲಿನಿಂದ ನಾಲ್ಕು ಮಾರು ಈಚೆಗೆ ನೆಲದ ಮೇಲೆ ಹಳದಿ ಗೀಟು. ನೋಡುವವರೆಲ್ಲ ನೋಡಿ ಆದ ಮೇಲೆ ಬೆಲ್ ಹೊಡೆಯುತ್ತೇವೆ, ಆಗ ಎಲ್ಲರೂ ಗೀಟಿನ ಈಚೆ ಬರಬೇಕು, ಬಾರದೆ ಬಾಗಿಲು ತೆರೆಯುವುದಿಲ್ಲ ಎಂದು ಕೆಲಸದವನು ಒಳಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಎಲ್ಲರೂ ನೋಡಿ ಮುಗಿಸಿದರು. ನಾಲ್ವರು ಮೆಕ್ಯಾನಿಕ್ಕುಗಳು ಕೊನೆಗೆ ಹೋದರು. ಅಂಗಿಯ ತೋಳು ಇನ್ನೂ ಮಡಿಸಿಯೇ ಇತ್ತು, ಮೊಣಕೈವರೆಗೆ ಬೆಲ್ಟಿನ ಮಸಿ. ಸಾಲಾಗಿ ನಿಂತು ತಲೆ ತಗ್ಗಿಸಿದರು.

ಕೆಲಸದವನು ಗುಂಡಿ ಒತ್ತಿದ. ಗೋಡೆಯ ಮೇಲಿನ ಬೆಲ್ಲು ಸೊಳ್ಳೆಯ ಹಾಗೆ ತೆಳ್ಳಗೆ ಕೀರತೊಡಗಿತು. ಜನ ಹಿಂದಕ್ಕೆ ಸರಿದರು. ಮೇಷ್ಟ್ರು ಸರಿದರು, ಸಾಹುಕಾರ ಸರಿದ, ಅಮ್ಮ ಸರಿದಳು. ನಾಲ್ವರು ನಿಂತೇ ಇದ್ದರು.

ಬೆಲ್ಲು ಕೂಗುತ್ತಲೇ ಇತ್ತು.

“ಏನ್ರೀ ಅದು?” ಕೆಲಸದವನು ಸಿಡುಕಿದ. “ಬೆಲ್ ಹೊಡೀತಾ ಇಲ್ವಾ? ಕಿವಿ...”

“ನಮ್ಮಪ್ಪನ ಜೊತೆಯವರು” ಎಂದಳು ಮಗಳು ಅವನ ಮಾತು ಮುಗಿಯುವ ಮೊದಲೇ. “ಕಾಲು ಬರ್ತಾ ಇಲ್ಲ ಅವರಿಗೆ. ನಾನು ಕರಕೊಂಡು ಬರ್ತೀನಿ.”

ಅವಳು ಗೀಟು ದಾಟಿ ಹೋಗಿ ಡೀಸೆಲ್ ಮಾವನ ಮೊಣಕೈ ಮುಟ್ಟಿದಳು. ಅವನು ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ ಗೋಡೆಯ ಮೇಲಿನ ಬೆಲ್ಲನ್ನೂ, ಗೀಟಿನಾಚೆ ಕಾಯುತ್ತಿದ್ದ ಜನರನ್ನೂ ನೋಡಿದ. ಕೈ ಚಾಚಿ ರೇಡಿಯೇಟರಿನ ಮಣಿಕಟ್ಟು ಹಿಡಿದುಕೊಂಡ. ರೇಡಿಯೇಟರು ಪಕ್ಕದವನದನ್ನು ಹಿಡಿದ, ಅವನು ಕೊನೆಯವನದನ್ನು.

ಬಾಗಿಲಿಗೆ ಬೆನ್ನು ತಿರುಗಿಸದೆ ನಾಲ್ವರೂ ಹಿಮ್ಮುಖವಾಗಿಯೇ ಬಂದರು. ಅವಳು ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ದಾರಿ ತೋರಿಸುತ್ತ, ಒಂದೊಂದು ಹೆಜ್ಜೆಯಾಗಿ ಅವರನ್ನು ಗೀಟಿನ ಈಚೆಗೆ ತಂದಳು.